ಬಂದರು ಮಾವ ಬಂದರಿಗೆ ಇಳಿದದ್ದು

ಅತ್ತೆ: ದೀಪಸ್ತಂಭ ಎಲ್ರೀ?

ಮಾವ: ಇಲ್ಲೇ ಎಲ್ಲೋ ಇರುತ್ತೆ, ನಡಿಯೇ. ಓಡಿ ಹೋಗುತ್ತಾ?

ಅತ್ತೆ: ಈ ತುದಿಯಿಂದ ಆ ತುದಿವರೆಗೂ ನಡೆದಾಯ್ತು. ಇರೋದೇ ಒಂದು ಬೀದಿ. ಹಗ್ಗ ಮಾರೋ ಅಂಗಡಿ, ಬಾಗಿಲು ಹಾಕಿರೋ ಅಂಚೆ ಕಚೇರಿ, ಬಿಸಿಲಲ್ಲಿ ಬಿದ್ದಿರೋ ಬೆಕ್ಕುಗಳು. ಕೆಂಪು ಬಿಳಿ ಪಟ್ಟೆ, ಮೋಡಕ್ಕೆ ತಾಗೋ ಎತ್ತರ ಅಂತಿದ್ರಲ್ಲ, ಅದೇನು ಬೆಕ್ಕಿನ ಹೊಟ್ಟೆ ಕೆಳಗೆ ಬಚ್ಚಿಟ್ಕೊಂಡಿದೆಯಾ?

ಮಾವ: ಕೆಡವಿರಬೇಕು.

ಅತ್ತೆ: ಯಾವಾಗ?

ಮಾವ: ನಾನು ಈ ಊರು ಬಿಟ್ಟ ಮೇಲೆ.

ಅತ್ತೆ: ಯಾಕೆ?

ಮಾವ: ಮತ್ತೆ? ನೋಡ್ಕೊಳ್ಳೋರು ಯಾರಾದ್ರೂ ಬೇಡವಾ?

ಬಂಧುಬಳಗವೆಲ್ಲ ಅವರನ್ನು ಬಂದರು ಮಾವ ಎಂದೇ ಕರೆಯುವುದು. ಇರುವುದು ಕನ್ನಡಕದ ಅಂಗಡಿ. ಮನೆಗೂ ಸಮುದ್ರಕ್ಕೂ ನಡುವೆ ಒಂದು ಇಡೀ ಬೆಟ್ಟಸಾಲು. ಆದರೆ ಮದುವೆಯ ಮಾತುಕತೆಯ ದಿನ ಹೆಣ್ಣಿನ ತಂದೆ ತಮ್ಮ ಹಿರಿಯಳಿಯನ ಇಂಜಿನಿಯರ್ ಕೆಲಸವನ್ನು ಬಾಯಿ ನೋಯುವಷ್ಟು ಹೊಗಳಿ, ಕೊನೆಗೆ ಇವರತ್ತ ತಿರುಗಿ, “ಹೋದ ವರ್ಷ ತಾವೆಲ್ಲಿದ್ದಿರಿ?” ಎಂದು ಕೇಳಿದಾಗ, ನಾಲಿಗೆ ಯಜಮಾನನ ಅಪ್ಪಣೆಗೂ ಕಾಯದೆ, “ಬಂದರಿನಲ್ಲಿ. ಸುಂಕದ ಕಚೇರಿಯಲ್ಲಿ” ಎಂದುಬಿಟ್ಟಿತ್ತು. ಯಾವ ಬಂದರು ಎಂದು ಯಾರೋ ಕೇಳಿದರು. ಶಾಲೆಯ ಭೂಪಟದಲ್ಲಿ ಎಲ್ಲಕ್ಕಿಂತ ಸಣ್ಣ ಅಕ್ಷರದಲ್ಲಿದ್ದ ಊರೊಂದು ನೆನಪಿಗೆ ಬಂತು, ಹೇಳಿದರು. ಅಷ್ಟು ಸಣ್ಣ ಅಕ್ಷರದ ಊರಿಗೆ ಯಾರು ಹೋಗಿ ನೋಡುತ್ತಾರೆ?

ಆಮೇಲೆ ಆ ಬುರುಡೆಗೆ ಕೈಕಾಲು ಬಂದವು. ಬಿರುಗಾಳಿಯ ದಿನ ಜ್ವರ ಬಂದು ಮಲಗಿದ ಕಾವಲುಗಾರನ ಬದಲಿಗೆ ಮಾವನೇ ದೀಪಸ್ತಂಭ ಹತ್ತಿ ದೀಪ ಹಚ್ಚಿದರು. ಮುಳುಗುತ್ತಿದ್ದ ಒಬ್ಬ ಕಪ್ತಾನನನ್ನು ಜುಟ್ಟು ಹಿಡಿದು ಎಳೆದು ಹಾಕಿದರು. ಮನೆಯಲ್ಲಿ ಯಾವ ಜಗಳವೇ ಆಗಲಿ, “ನಾನು ಬಂದರಿನಲ್ಲಿದ್ದಾಗ…” ಎಂದು ಮಾವ ಶುರುಮಾಡಿದರೆ ಎದುರು ಮಾತಿಲ್ಲ. ಇಂಜಿನಿಯರ್ ಷಡ್ಡಕನೂ ಆ ಮಾತು ಬಂದರೆ ತಲೆ ತಗ್ಗಿಸಿ ಕೂರುತ್ತಿದ್ದ. ಮಾವನ ಮರ್ಯಾದೆಯೆಲ್ಲ ನಿಂತಿದ್ದು ಆ ಒಂದು ಬಂದರಿನ ಮೇಲೆ.

ಈಗ ನೋಡಿದರೆ ವಿಹಾರಕ್ಕೆಂದು ಹತ್ತಿದ ಹಡಗು ಹೋಗಬೇಕಾಗಿದ್ದ ದೊಡ್ಡ ಪಟ್ಟಣದಲ್ಲಿ ಗಾಳಿ ಜಾಸ್ತಿಯಂತೆ, ಅದಕ್ಕೆ ಇಲ್ಲಿ ಲಂಗರು ಹಾಕಿತು. ಬೆಳಿಗ್ಗೆ ಕಪ್ತಾನರು ಊರಿನ ಹೆಸರು ಹೇಳಿದಾಗ ಅತ್ತೆ ಸಂತೋಷದಿಂದ ಚಪ್ಪಾಳೆ ತಟ್ಟಿದರು. ಮಾವ ಮೊದಲು ಮಂಡಿನೋವು ಎಂದರು, ಆಮೇಲೆ ತಲೆನೋವು ಎಂದರು, ಕೊನೆಗೆ ಏನೂ ನಡೆಯದೆ ಸಣ್ಣ ದೋಣಿ ಹತ್ತಿ ದಡ ಸೇರಿದರು.

ಅತ್ತೆ: ಸುಂಕದ ಕಚೇರಿಯಾದ್ರೂ ತೋರಿಸಿ.

ಮಾವ: ಅದೇ, ಆ ಹಳದಿ ಕಟ್ಟಡ.

ಅತ್ತೆ: ಅದರ ಮೇಲೆ ‘ಮಂಜುಗಡ್ಡೆ ಕಾರ್ಖಾನೆ’ ಅಂತ ಬರೆದಿದೆಯಲ್ಲ.

ಮಾವ: ಆಮೇಲೆ ಮಾಡಿರೋದು. ನಮ್ಮ ಕಾಲದಲ್ಲೂ ತುಂಬಾ ತಣ್ಣಗಿತ್ತು.

ಅತ್ತೆ: ಸರಿ ಬಿಡಿ, ಕಟ್ಟಡ ಹೋಗಲಿ. ಜನ ಇರ್ತಾರಲ್ಲ? ಕಪ್ತಾನನ ಪ್ರಾಣ ಉಳಿಸಿದೋರನ್ನ ಜನ ಮರೀತಾರಾ? ಇರಿ, ಆ ಚಹದಂಗಡಿಯವರನ್ನ ಕೇಳ್ತೀನಿ. ಗಡ್ಡ ನೋಡಿದ್ರೆ ಹಳೇ ತಲೆ ಥರ ಕಾಣ್ತಾರೆ.

ಮಾವ: ಬೇಡ ಕಣೆ, ಪಾಪ, ಕೆಲಸದಲ್ಲಿದ್ದಾರೆ.

ಅತ್ತೆ: ನೊಣ ಓಡಿಸ್ತಾ ಇದ್ದಾರೆ ಕಣ್ರೀ!

ಅಂಗಡಿಯೆಂದರೆ ಒಂದು ತಗಡಿನ ಸೂರು, ಎರಡು ಬೆಂಚು, ಹೊಗೆ ಹಿಡಿದ ಒಂದು ಕೆಟಲ್. ಬಿಳಿಗಡ್ಡದ ಅಂಗಡಿಯವನು ಗಿರಾಕಿಗಳನ್ನು ಕಂಡು ಎಷ್ಟು ದಿನವಾಗಿತ್ತೋ, ಬೆಂಚನ್ನು ಎರಡೆರಡು ಸಲ ಒರೆಸಿದ.

ಅತ್ತೆ: ಎರಡು ಚಹಾ ಕೊಡಿ. ನೀವು ಈ ಊರಿನೋರೇನಾ?

ಚಹದವನು: ಚಹಾ ಕುಡಿಯೋರಿಗೆ ಈ ಊರಿನೋನೇ ಅಮ್ಮಾ.

ಅತ್ತೆ: ಹಾಗಾದ್ರೆ ಇವರ ಮುಖ ಒಂದು ಸಲ ಸರಿಯಾಗಿ ನೋಡಿ. ನಮ್ಮ ಮದುವೆಗೆ ಮುಂಚೆ ಇಲ್ಲೇ ಸುಂಕದ ಕಚೇರೀಲಿ ಇದ್ರು. ಗುರುತು ಸಿಗುತ್ತಾ?

ಅತ್ತೆಯ ಬೆನ್ನ ಹಿಂದೆ ನಿಂತಿದ್ದ ಮಾವ ಅಂಗಡಿಯವನನ್ನು ನೋಡಿ ಒಂದು ಕಣ್ಣನ್ನು ಬಲವಾಗಿ ಮುಚ್ಚಿ ತೆರೆದರು. ಅಂಗಡಿಯವನು ಒಂದು ಕ್ಷಣ ನೋಡಿದ. ಆಮೇಲೆ ಅವನ ಮುಖ ಅರಳಿತು.

ಚಹದವನು: ಅಯ್ಯಯ್ಯೋ! ಇವರೇನಾ! ಯಾವಾಗ ಬಂದ್ರಿ ಸ್ವಾಮಿ? ನಿಮ್ಮನ್ನ ಮರೆಯೋಕಾಗುತ್ತಾ?

ಮಾವನಿಗೆ ಹೋದ ಜೀವ ಬಂತು. ಬೆಂಚಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತರು.

ಮಾವ: ನೋಡಿದ್ಯಾ? ಜನ ಮರೀತಾರಾ ಅಂತ ನೀನೇ ಕೇಳಿದ್ಯಲ್ಲ.

ಅತ್ತೆ: ಆ ದೀಪಸ್ತಂಭ…

ಚಹದವನು: ಇತ್ತಮ್ಮಾ! ಇವರು ಹೋದ ಮೇಲೆ ಅದಕ್ಕೆ ಕಳೆ ಇಲ್ಲ ಅಂತ ಊರಿನೋರೇ ಕೆಡವಿದ್ರು.

ಮಾವ: ಹೇಳಿದ್ನಲ್ಲ ನಾನು!

ಅತ್ತೆ: ಕಪ್ತಾನನ್ನ ಎಳೆದು ಹಾಕಿದ್ದು?

ಚಹದವನು: ಒಬ್ಬನಾ? ಇಬ್ಬರು ಕಪ್ತಾನರು!

ಮಾವ ಇಷ್ಟು ಸಾಕು ಎಂದುಕೊಂಡು ಕಣ್ಣು ಹೊಡೆದರು. ಪಾಪ, ಅವರಿಗೆ ಗೊತ್ತಿದ್ದದ್ದು ಒಂದೇ ಸನ್ನೆ. ಶುರುಮಾಡು ಎನ್ನುವುದಕ್ಕೂ ಅದೇ, ನಿಲ್ಲಿಸು ಎನ್ನುವುದಕ್ಕೂ ಅದೇ. ಅಂಗಡಿಯವನು ಇನ್ನೂ ಬೇಕೆಂಬ ಸೂಚನೆ ಎಂದು ತಿಳಿದು ಉತ್ಸಾಹದಿಂದ ಗಡ್ಡ ನೀವಿಕೊಂಡ.

ಚಹದವನು: ಇವರು ಹೊರಟ ದಿನ ಇಡೀ ಬಂದರೇ ಅತ್ತಿತಮ್ಮಾ. ಅದರಲ್ಲೂ ಅವಳು… ಪಾಪ.

ಅತ್ತೆ: ಯಾರು ಅವಳು?

ಮಾವ ಗಾಬರಿಯಾಗಿ ಎರಡು ಸಲ ಕಣ್ಣು ಹೊಡೆದರು.

ಚಹದವನು: ಹೇಳಲಾ ಸ್ವಾಮಿ? ಹೇಳ್ತೀನಿ ಬಿಡಿ. ಬಲೆ ಹೆಣೆಯೋಳು ಅಮ್ಮಾ. ಇವರು ಕಚೇರಿ ಕಿಟಕೀಲಿ, ಅವಳು ಎದುರಿನ ಕಟ್ಟೆ ಮೇಲೆ. ಇವರನ್ನ ನೋಡ್ತಾ ನೋಡ್ತಾ ಅವಳು ಹೆಣೆದ ಬಲೆಗಳಲ್ಲಿ ಒಂದೊಂದು ತೂತು ಇಷ್ಟಗಲ ಆಗಿಬಿಡೋದು. ಮೀನೆಲ್ಲಾ ಆಚೆಗೆ ಹೋಗೋದು. ಆ ವರ್ಷ ಊರಿಗೆ ಊರೇ ಉಪವಾಸ!

ಮಾವ: ಏಯ್! ಏನಯ್ಯಾ ಇದು!

ಮಾವನ ಒಂದು ಕಣ್ಣು ಈಗ ನಿಲ್ಲದೆ ಮುಚ್ಚಿ ತೆರೆದು ಮಾಡುತ್ತಿತ್ತು. ಅಂಗಡಿಯವನು ಚಹದ ಲೋಟ ಇಡಲು ಅವರ ಹಿಂದೆ ಬಂದವನು ಬಗ್ಗಿ ನೋಡಿದ.

ಚಹದವನು: ಕಿವಿ ಹಿಂದಿನ ಈ ಮಚ್ಚೆ ಅಂದ್ರೆ ಅವಳಿಗೆ ಪ್ರಾಣ. ದೃಷ್ಟಿ ಬಿದ್ದೀತು, ಯಾರಿಗೂ ತೋರಿಸಬೇಡಿ ಅಂತಿದ್ಲು.

ಅತ್ತೆ ಲೋಟವನ್ನು ಬೆಂಚಿನ ಮೇಲಿಟ್ಟರು.

ಅತ್ತೆ: ಕಿವಿ ಹಿಂದೆ ಮಚ್ಚೆ ಇರೋದು ನನಗೇ ಗೊತ್ತಾಗಿದ್ದು ಮೊದಲನೇ ಮಗು ಹುಟ್ಟಿದ ಮೇಲೆ!

ಮಾವ: ಅವನು ಈಗ ನೋಡಿದ್ದು ಕಣೆ! ಈಗ! ಹಿಂದೆ ನಿಂತು!

ಅತ್ತೆ: ಅದಕ್ಕೇನಾ ಈ ಊರಿಗೆ ಇಳಿಯೋಕೆ ಮಂಡಿನೋವು, ತಲೆನೋವು ಎಲ್ಲಾ ಒಟ್ಟಿಗೆ ಬಂದಿದ್ದು?

ಒಂದು ಕಡೆ ಇಡೀ ಸಂಸಾರದ ಉದ್ದಕ್ಕೂ ಸಾಕಿ ಬೆಳೆಸಿದ ಬಂದರು, ಇನ್ನೊಂದು ಕಡೆ ಎಂದೂ ಕಾಣದ ಬಲೆಯವಳು. ಬಂದರನ್ನು ಉಳಿಸಿಕೊಂಡರೆ ಅವಳೂ ಉಳಿಯುತ್ತಾಳೆ. ಅವಳನ್ನು ಕಳಿಸಬೇಕೆಂದರೆ ಇದನ್ನೂ ಕಳಿಸಬೇಕು. ಕೊನೆಗೆ ಕಣ್ಣು ಮುಚ್ಚಿ, ಈ ಸಲ ಎರಡೂ ಕಣ್ಣು ಮುಚ್ಚಿ, ಬಾಯಿ ಬಿಟ್ಟರು.

ಮಾವ: ನಾನು ಈ ಊರಿಗೆ ಬಂದೇ ಇಲ್ಲ ಕಣೆ! ಹುಟ್ಟಿದ ಮೇಲೆ ಇವತ್ತೇ ಮೊದಲು!

ಅತ್ತೆ: ಓಹೋ.

ಮಾವ: ದೀಪಸ್ತಂಭ ಸುಳ್ಳು, ಸುಂಕದ ಕಚೇರಿ ಸುಳ್ಳು, ಕಪ್ತಾನ ಸುಳ್ಳು. ಆ ವರ್ಷ ನಾನು ನಮ್ಮ ಸೋದರಮಾವನ ಹಿಟ್ಟಿನ ಗಿರಣೀಲಿ ಚೀಲ ಹೊಲೀತಾ ಇದ್ದೆ.

ಅತ್ತೆ: ಹಿಟ್ಟಿನ ಗಿರಣಿ! ಸುಳ್ಳು ಹೇಳೋದಾದ್ರೂ ಸ್ವಲ್ಪ ಮರ್ಯಾದಸ್ತ ಸುಳ್ಳು ಹೇಳಬಾರದಾ?

ಮಾವ: ಸುಳ್ಳಾಗಿದ್ರೆ ಮರ್ಯಾದೆಯಾಗಿರೋದೇ ಹೇಳ್ತಿದ್ದೆ! ನಿಜ ಆಗಿರೋದಕ್ಕೇ ಗಿರಣಿ!

ಅತ್ತೆ: ಒಬ್ಬಳನ್ನ ಮುಚ್ಚಿಡೋಕೆ ಇಡೀ ಬಂದರನ್ನೇ ಮುಳುಗಿಸೋಕೆ ಹೊರಟಿದೀರಲ್ರೀ!

ಮಾವ: ಲೋ, ನೀನಾದ್ರೂ ಹೇಳೋ ಮಾರಾಯ!

ಚಹದವನು: ಹೌದಮ್ಮಾ, ಇವರ್ಯಾರೋ ನನಗೆ ಗೊತ್ತಿಲ್ಲ. ನಾನು ಈ ಊರಿಗೆ ಬಂದಿದ್ದೇ ಈಚೆಗೆ, ಮಗಳ ಮನೇಲಿರೋಣ ಅಂತ. ಇವರು ಕಣ್ಣು ಹೊಡೆದ್ರು, ಏನೋ ಕಷ್ಟದಲ್ಲಿದಾರೆ ಅಂತ ಒಂದು ಮಾತು ಹೇಳಿದೆ. ಮತ್ತೆ ಮತ್ತೆ ಹೊಡೆದ್ರು, ಮತ್ತೆ ಮತ್ತೆ ಹೇಳಿದೆ.

ಅತ್ತೆ: ಗಂಡಸರು ಗಂಡಸರು ಎಷ್ಟು ಬೇಗ ಒಂದಾಗಿಬಿಟ್ರಿ! ಈಗಲೂ ಕಣ್ಣು ಹೊಡೆದೇ ಹೇಳಿಸಿದ್ದು ತಾನೆ ಇದನ್ನ?

ಮಾವ: ಇಲ್ಲ! ಕಣ್ಣು ತಾನಾಗೇ ಹೊಡ್ಕೊಳ್ತಿದೆ! ಬೆಳಿಗ್ಗೆಯಿಂದ ಸುಸ್ತಾಗಿ!

ಅತ್ತೆ ಚಹಾ ಮುಗಿಸಿ ಎದ್ದರು. ಹಡಗುಕಟ್ಟೆಯ ಕಡೆಗೆ ಅವರು ಮುಂದೆ, ಮಾವ ಹಿಂದೆ. ಬೆಕ್ಕುಗಳು ಕೂಡ ಎದ್ದು ದಾರಿ ಬಿಟ್ಟವು.

ಅತ್ತೆ: ಚೆನ್ನಾಗಿದ್ಲಾ?

ಮಾವ: ಇಲ್ಲದೋಳು ಹೇಗೆ ಚೆನ್ನಾಗಿರ್ತಾಳೆ?

ಅತ್ತೆ: ಅಯ್ಯೋ! ಹೋಗಿಬಿಟ್ಲಾ? ಮೊದಲೇ ಹೇಳಬಾರದಾ? ಪಾಪ, ಇನ್ನು ನನಗೇನೂ ಕೋಪ ಇಲ್ಲ. ಇಲ್ಲಿ ನಿಂತ್ಕೊಳ್ಳಿ. ಕೈ ಕಟ್ಟಿ. ಸಮುದ್ರದ ಕಡೆ ತಿರುಗಿ. ಅವಳ ಹೆಸರಲ್ಲಿ ಒಂದು ಗಳಿಗೆ ಮೌನ.

ಮಾವ: ಲೇ, ಇಲ್ಲದೋಳು ಅಂದ್ರೆ ಹುಟ್ಟೇ ಇಲ್ಲ ಅಂತ!

ಅತ್ತೆ: ಮೌನ ಅಂದೆ.

ಬೇರೆ ದಾರಿ ಕಾಣದೆ ಮಾವ ಕೈ ಕಟ್ಟಿ, ಹುಟ್ಟದೇ ಇದ್ದವಳಿಗಾಗಿ ದುಃಖಿಸುತ್ತಾ ನಿಂತರು. ಓರೆಗಣ್ಣಿನಲ್ಲಿ ನೋಡಿದರೆ ಅತ್ತೆ ಕರ್ಚೀಫಿನಲ್ಲಿ ಮುಖ ಮುಚ್ಚಿಕೊಂಡಿದ್ದಾರೆ, ಭುಜಗಳು ಕುಲುಕುತ್ತಿವೆ. ಅಳುತ್ತಿದ್ದಾಳೆ ಎಂದುಕೊಂಡರು ಮಾವ. ಮದುವೆಯ ಮಾತುಕತೆಯ ದಿನವೇ ಗಿರಣಿ ಎಂದು ಹೇಳಿದ್ದರೆ ಏನಾಗುತ್ತಿತ್ತು ಎಂದು ಮೊದಲ ಸಲ ಅನ್ನಿಸಿತು.

ದೋಣಿಯಲ್ಲಿ ಕೂತ ಮೇಲೆ ಅತ್ತೆಯೇ ಮಾತು ತೆಗೆದರು. ದನಿ ಬೆಣ್ಣೆಯಷ್ಟು ಮೆತ್ತಗಿತ್ತು.

ಅತ್ತೆ: ನಿಮ್ಮದು ಗೊತ್ತಾದ ಮೇಲೆ ನನ್ನದು ಮುಚ್ಚಿಡೋದು ನ್ಯಾಯ ಅಲ್ಲ ಕಣ್ರೀ.

ಮಾವ: ನಿನ್ನದು ಅಂದ್ರೆ?

ಅತ್ತೆ: ಮದುವೆಗೆ ಮುಂಚೆ ನಮ್ಮೂರಿಗೊಂದು ಸರ್ಕಸ್ಸು ಬಂದಿತ್ತು. ಅದರಲ್ಲೊಬ್ಬ ಉಯ್ಯಾಲೆ ಆಡೋನು. ಆಹಾ, ಏನು ಜಿಗಿತ! ಆ ಕಡೆಯಿಂದ ಈ ಕಡೆಗೆ ಹಾರುವಾಗ ನನ್ನ ಕಡೆ ನೋಡಿ ಕೈ ಬೀಸೋನು. ಒಂದು ದಿನ ಬೀಸೋಕೆ ಹೋಗಿ ಉಯ್ಯಾಲೆ ಹಿಡಿಯೋದೇ ಮರೆತ.

ಮಾವ: ಆಮೇಲೆ?

ಅತ್ತೆ: ಕೆಳಗೆ ಬಲೆ ಕಟ್ಟಿದ್ರು. ನಿಮ್ಮವಳು ಹೆಣೆದಿದ್ದಲ್ಲ, ಸದ್ಯ, ಉಳ್ಕೊಂಡ.

ಮಾವ: ತಮಾಷೆ ಮಾಡ್ತಿದೀಯಾ ತಾನೆ? …ಇರು, ಇರು. ಮಕ್ಕಳನ್ನ ಸರ್ಕಸ್ಸಿಗೆ ಕರ್ಕೊಂಡು ಹೋಗೋಣ ಅಂದಾಗೆಲ್ಲ ನಿನಗೆ ತಲೆನೋವು ಬರ್ತಿತ್ತಲ್ಲ?

ಅತ್ತೆ: ಬರ್ತಿತ್ತು. ಕೆಲವು ಊರುಗಳಿಗೆ ಹೋಗೋಕೆ ಕೆಲವರಿಗೆ ಬರಲ್ವಾ, ಹಾಗೆ.

ದೋಣಿ ನಡೆಸುವವನು ಆಚೆ ಮುಖ ಮಾಡಿ ಕೂತಿದ್ದ, ಆದರೆ ಅವನ ಕಿವಿ ಮಾತ್ರ ಈಚೆಗೇ ಇತ್ತು.

ಮಾವ: ನಿಜ ಹೇಳು, ನನ್ನಾಣೆ. ಅವನು ಇದ್ನಾ, ಇರಲಿಲ್ವಾ?

ಅತ್ತೆ: ನಿಮ್ಮ ಬಲೆಯವಳು ಎಷ್ಟು ನಿಜವೋ ನನ್ನ ಉಯ್ಯಾಲೆಯವನೂ ಅಷ್ಟೇ ನಿಜ.

ಮಾವ: ಅವಳು ಶುದ್ಧ ಸುಳ್ಳು ಕಣೆ!

ಅತ್ತೆ: ಹಾಗಾದ್ರೆ ಇವನೂ ಶುದ್ಧ ಸುಳ್ಳು. ಆಯ್ತಲ್ಲ, ಯಾಕೆ ಒದ್ದಾಡ್ತೀರಿ?

ಮಾವ: ಅಲ್ಲ, ನೀನು ಅವಳನ್ನ ನಿಜ ಅಂತ ನಂಬಿದೀಯಲ್ಲ! ನೀನು ನಂಬಿದ್ರೆ ಇವನೂ ನಿಜ ಆಗ್ತಾನೆ! ಮೊದಲು ಅದನ್ನ ಹೇಳು, ನಂಬಿದೀಯಾ, ಇಲ್ವಾ?

ಅತ್ತೆ: ನೀವು ಬಂದರಿನಲ್ಲಿದ್ದೋರು. ನಿಮ್ಮ ಮಾತು ನಾನು ಯಾವತ್ತಾದ್ರೂ ನಂಬದೇ ಇದ್ದೀನಾ?

ಮಾವ: ಇನ್ನು ಸತ್ರೂ ಬಂದರಿನ ಸುದ್ದಿ ಎತ್ತಲ್ಲ ಕಣೆ!

ಅತ್ತೆ: ಎತ್ತಬೇಡಿ. ನೀವು ಎತ್ತಿದ ದಿನ ನಾನೂ ಸರ್ಕಸ್ಸಿನ ಸುದ್ದಿ ಎತ್ತುತ್ತೀನಿ. ಅದೂ ನಮ್ಮ ಇಂಜಿನಿಯರ್ ಭಾವನ ಎದುರಿಗೆ.

ದೋಣಿ ಹಡಗಿನ ಪಕ್ಕಕ್ಕೆ ಬಂದು ನಿಂತಿತು. ಅತ್ತೆ ಮೆಟ್ಟಿಲು ಹತ್ತತೊಡಗಿದರು. ಮಾವ ಹಿಂದೆ ಹತ್ತುತ್ತಾ ಒಂದು ಮೆಟ್ಟಿಲಿನಲ್ಲಿ ನಿಂತರು, ಮತ್ತೆ ಹತ್ತಿದರು, ಮತ್ತೆ ನಿಂತರು. ಕೊನೆಗೆ ತಡೆಯಲಾಗಲಿಲ್ಲ.

ಮಾವ: ಅಲ್ವೇ… ಸುಮ್ಮನೆ ಕೇಳ್ತಿದೀನಿ. ಅವನು ನನಗಿಂತ ಎತ್ತರಾನಾ?

ಅತ್ತೆ: ನಾನು ನೋಡಿದ್ದು ಅವನು ಉಯ್ಯಾಲೆ ಮೇಲಿದ್ದಾಗ ಕಣ್ರೀ. ಅಲ್ಲಿ ನಿಂತ್ರೆ ಯಾರಾದ್ರೂ ನಿಮಗಿಂತ ಎತ್ತರಾನೇ.