ಇಪ್ಪತ್ತೊಂದು ಆಮೆನ್, ಹೋದವನು ಒಬ್ಬನೇ

ಎಮ್ಮಿಗನೂರಿನ ವಿಧವೆ ಅಕ್ಕನೊಬ್ಬಳು ನಮ್ಮ ಹೊಸಪೇಟೆ ಚರ್ಚಿನ ಸಭೆಯಲ್ಲಿ ಎದ್ದು ನಿಂತು, "ಮಗಳಿಗೆ ಹೊಟ್ಟಿ ಆಪರೇಷನ್ ಐತ್ರಿ, ದಿನಾ ಪ್ರಾರ್ಥನಿ ಮಾಡ್ರಿ" ಎಂದಳು. ನಾವು ಮಾಡಲಿಲ್ಲ. ಮಾಡಿದೆವು ಎಂದು ಸುಳ್ಳು ಹೇಳಿದೆವು. ನಮ್ಮಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಈ ಸಲ ಬರೆದೇ ಬಿಡುತ್ತೇನೆ.

೧. ಬಸ್ಸಿನ ಹಿರಿಯರು

ಪಾಸ್ಟರು ವಾಟ್ಸಾಪ್ ಗುಂಪು ಮಾಡಿದರು. ದಿನಾ ಬೆಳಿಗ್ಗೆ ಐದು ಗಂಟೆಗೆ ಕಾಲು ತಾಸು ಪ್ರಾರ್ಥನೆ. ಮುಗಿದ ಮೇಲೆ ಗುಂಪಿನಲ್ಲಿ "ಆಮೆನ್" ಹಾಕಬೇಕು. ನಾನು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸದವನು. ಸಭೆಯ ಹಿರಿಯರೊಬ್ಬರು ಅದೇ ಶಿಫ್ಟ್ ಬಸ್ಸಿನಲ್ಲಿ ನನ್ನ ಪಕ್ಕ ಕೂರುತ್ತಾರೆ. ಐದಾಗುತ್ತಲೇ ಆಮೆನ್ ಒತ್ತಿದರು, ಶಾಲು ಹೊದ್ದರು, ಗೊರಕೆ ಶುರು.

"ಯಜಮಾನ್ರ, ಪ್ರಾರ್ಥನಿ?" ಎಂದು ಅಲುಗಾಡಿಸಿದೆ.

ಕಣ್ಣು ಬಿಡದೆ ಅಂದರು: "ಮೊದ್ಲ ಆಮೆನ್ ಹಾಕಿಬಿಟ್ರ ಮನಸಿಗೆ ನಿರಾಳ ತಮ್ಮಾ. ಪ್ರಾರ್ಥನಿ ಎಲ್ಲಿ ಓಡಿಹೋಗ್ತೈತಿ?"

೨. ಬಹುಮಾನ

ಒಂದು ದಿನವೂ ಆಮೆನ್ ತಪ್ಪಿಸದ ಸಂಡೂರಿನ ಮೇಷ್ಟ್ರಿಗೆ ಭಾನುವಾರ ಸ್ಟೀಲ್ ಡಬ್ಬಿ ಬಹುಮಾನ ಬಂತು. ಚಪ್ಪಾಳೆ. "ಆ ಅಕ್ಕನ ಮಗಳಿಗೋಸ್ಕರ ಈಗ ನೀವ ಪ್ರಾರ್ಥನಿ ಮಾಡ್ರಿ" ಎಂದರು ಪಾಸ್ಟರು. ಮೇಷ್ಟ್ರು ಕಣ್ಣು ಮುಚ್ಚಿ "ಕರ್ತನೇ..." ಎಂದರು. ನಿಂತರು. ಮತ್ತೆ "ಕರ್ತನೇ..." ಕೊನೆಗೆ ಒಂದು ಕಣ್ಣು ತೆರೆದು ಹೆಂಡತಿಯನ್ನು ನೋಡಿದರು.

ಆಕೆ ಎಲ್ಲರಿಗೂ ಕೇಳುವಂತೆ ಹೇಳಿದಳು: "ನನ್ನ ಯಾಕ ನೋಡ್ತೀರಿ? ದಿನಾ ನಿಮ್ಮ ಆಮೆನ್ ನಾನ ಹಾಕಿದ್ದು ಖರೆ. ಪ್ರಾರ್ಥನಿ ನನಗೂ ಬರಂಗಿಲ್ಲ."

ಡಬ್ಬಿ ಮಾತ್ರ ವಾಪಸ್ ಕೊಡಲಿಲ್ಲ.

೩. ಕುರ್ಚಿಗಳು

ಆಪರೇಷನ್ ನಾಳೆ. ಇವತ್ತು ಮಧ್ಯಾಹ್ನ ಅಕ್ಕ ಮಗಳ ಫೋನಿನಿಂದ ಗುಂಪಿಗೆ ಮಾತಾಡಿ ಕಳಿಸಿದಳು. ಯಾರೂ ಕೇಳಿಸಿಕೊಳ್ಳಲಿಲ್ಲ; ಇಪ್ಪತ್ತೊಂದು ಆಮೆನ್ ಬಿದ್ದವು. ಅದರಲ್ಲಿ ಒಂದು ನನ್ನದು. ಆಮೇಲೆ ನನ್ನ ಬೆರಳು ತಾಗಿ ಅಕ್ಕ ಕಳಿಸಿದ ಮಾತು ಕೇಳಿಸಿತು: "ಹುಡುಗಿ ಭಾಳ ಹೆದರ್ಯಾಳ. ಸಂಜಿಗೆ ಮನಿಗೆ ಬಂದು ಪ್ರಾರ್ಥನಿ ಮಾಡ್ತೀರೇನ್ರಿ?"

ಕಂಪ್ಲಿ ಕಡೆ ಬಸ್ಸು ಹಿಡಿದು ಎಮ್ಮಿಗನೂರಿಗೆ ಓಡಿದೆ. ಅಂಗಳದಲ್ಲಿ ಆಮೆನ್ ಎಣಿಸಿ ಓಣಿಯವರಿಂದ ಕೇಳಿ ತಂದ ಇಪ್ಪತ್ತೊಂದು ಕುರ್ಚಿ, ಬುಟ್ಟಿ ತುಂಬ ಒಗ್ಗರಣೆ ಮಂಡಕ್ಕಿ. ಬಾಗಿಲಿಗೆ ಒರಗಿ ಮಗಳು ದಾರಿ ನೋಡುತ್ತಿದ್ದಳು.

"ಉಳಿದೋರು?" ಎಂದಳು ಅಕ್ಕ.

"ಗುಂಪಿನ್ಯಾಗ ಅದಾರಕ್ಕ."

ಅಕ್ಕ ಮೊದಲ ಕುರ್ಚಿ ನನ್ನ ಕಡೆ ಸರಿಸಿದಳು. "ಹಂಗಾದ್ರ ಅವರ ಪಾಲಿಂದೂ ನೀನ ಮಾಡು. ಒಂದೊಂದು ಕುರ್ಚಿ ಮ್ಯಾಲೆ ಒಂದೊಂದು ಪ್ರಾರ್ಥನಿ. ಕುಂದ್ರು."

ಮೂರನೆಯ ಕುರ್ಚಿಗೇ ನನ್ನ ದೊಡ್ಡ ಮಾತೆಲ್ಲ ಖಾಲಿ. ನಾಲ್ಕನೆಯದರಲ್ಲಿ ಲೋಕಕ್ಕೆ ಶಾಂತಿ ಕೇಳಿದೆ. "ಲೋಕ ಇರ್ಲಿ, ನನ್ನ ಮಗಳ ಹೆಸರು ತಗೋ" ಎಂದು ಗದರಿದಳು. ಹೆಸರು ನನಗೆ ಗೊತ್ತಿರಲಿಲ್ಲ! ಹುಡುಗಿಯೇ ಹೇಳಿದಳು, ಹೇಳಿ ನಕ್ಕಳು. ಒಂಬತ್ತನೆಯ ಕುರ್ಚಿ ಮುಗಿಯುವಾಗ ಕಡೇ ಬಸ್ಸು ಹಾರ್ನ್ ಹೊಡೆಯಿತು.

ಅಕ್ಕ ಮಂಡಕ್ಕಿ ಕಟ್ಟಿಕೊಟ್ಟು ಅಂದಳು: "ನಾಳೆ ಹೊಸಪೇಟಿ ಆಸ್ಪತ್ರಿಗೆ ಬಾ ತಮ್ಮಾ. ಇನ್ನಾ ಹನ್ನೆರಡು ಉಳದಾವ. ಅಲ್ಲೂ ಕುರ್ಚಿ ಇರ್ತಾವ."

ಗುಂಪಿನಲ್ಲಿ ಆಮೆನ್ ಹಾಕಿದವರೇ, ಆ ಹನ್ನೆರಡು ನನ್ನವಲ್ಲ, ನಿಮ್ಮವು. ಫೋನು ಕೆಳಗಿಡಿ. ನಾಳೆ ಆಸ್ಪತ್ರೆಗೆ ಬಂದು ಕೂತು, ಆ ಹುಡುಗಿಯ ಹೆಸರು ಕೇಳಿಕೊಂಡು ಪ್ರಾರ್ಥಿಸಿ. ನಾಡಿದ್ದೂ ಬನ್ನಿ.