ನರ್ಸಕ್ಕಾ ಎಂದು ಕೂಗುವಂತೆ ಟೋಕನ್ ಯಂತ್ರದವರಲ್ಲಿ ಅರಿಕೆ

ಪೆನ್ಷನ್ ಕಚೇರಿಯ ಬಾಗಿಲಲ್ಲೇ ನಿಂತು, ಬಂದವರಿಗೆಲ್ಲ ಭೇದವೆಣಿಸದೆ ಚೀಟಿ ಹಂಚುತ್ತಿರುವ ಟೋಕನ್ ಯಂತ್ರ ಮಹಾಶಯರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಕ್ಷೇಮವೆಂದು ತಮ್ಮ ಹಸಿರು ದೀಪ ನೋಡಿ ತಿಳಿದೆ. ನನ್ನ ಕ್ಷೇಮ ತಾವು ಕೇಳುವವರಲ್ಲವಾದ್ದರಿಂದ ನಾನೇ ಹೇಳಿಬಿಡುತ್ತೇನೆ, ಊರುಗೋಲು ಹಿಡಿಸಿದ ಮೊಣಕಾಲೊಂದು ಬಿಟ್ಟರೆ ಎಲ್ಲ ಸರಿಯಿದೆ. ವಿತ್ ಡ್ಯೂ ರೆಸ್ಪೆಕ್ಟ್ ಅಂಡ್... ಮುಂದಿನದು ಮರೆತಿದೆ, ಕಾಲೇಜಿನಲ್ಲಿ ಎರಡೇ ವರ್ಷ ಕೂತವನು; ರೆಸ್ಪೆಕ್ಟ್ ಇದೆಯೆಂಬುದಷ್ಟನ್ನು ದಯವಿಟ್ಟು ಗಮನಿಸುವುದು.

ನಾನು ಗಡಿಯಾರ ರಿಪೇರಿಯವನು, ನನ್ನ ಕಸುಬಿಗೆ ಪೆನ್ಷನ್ ಇಲ್ಲ. ಬರುವುದು ನನ್ನಾಕೆಯದು: ಮೂವತ್ತೊಂದು ವರ್ಷ ಹೆರಿಗೆ ವಾರ್ಡಿನಲ್ಲಿ ಓಡಾಡಿ, ಊರಿಗೆಲ್ಲ ನರ್ಸಕ್ಕನಾಗಿ, ಪೆನ್ಷನ್ ಆದ ಎರಡನೇ ವರ್ಷಕ್ಕೇ ಹೊರಟುಹೋದವಳು. ಪೆನ್ಷನ್ ಎಂಬ ಪದಕ್ಕೆ ಲ್ಯಾಟಿನ್ನಿನಲ್ಲಿ ತೂಗಿ ಕೊಡುವುದು ಎಂಬ ಅರ್ಥವಿದೆಯೆಂದು ನಮ್ಮ ಇಂಗ್ಲಿಷ್ ಮೇಷ್ಟ್ರು ಹೇಳಿದ್ದರು, ಅಥವಾ ತೂಗುಹಾಕುವುದು ಎಂದಿದ್ದರೋ, ನಾನು ಕಿಟಕಿಯಾಚೆ ನೋಡುತ್ತಿದ್ದೆ. ಜನರ ಬಾಯಲ್ಲಂತೂ ಅದಕ್ಕೆ ಬಿಡುವೇ ಇಲ್ಲ: ಪಕ್ಕದ ಮನೆಯ ಮಿಕ್ಸಿ ಪೆನ್ಷನ್ ಆಗಿದೆ, ನನ್ನ ನಾದಿನಿ ಮದುವೆಮನೆಗಳಲ್ಲಿ "ಭಾವನಿಗೇನ್ರೀ, ಕಾಲ್ ಮೇಲೆ ಕಾಲು, ಅಕ್ಕನ ಪೆನ್ಷನ್ನು" ಎಂದೇ ನನ್ನ ಪರಿಚಯ ಮಾಡಿಕೊಡುವುದು. ನನ್ನ ಪಾಲಿಗೆ ಅದರ ಅರ್ಥ ಒಂದೇ: ತಿಂಗಳಿಗೊಮ್ಮೆ ಯಾರೋ ಒಬ್ಬರು ಅವಳನ್ನು ಕೂಗುವುದು.

ತಾವು ಬರುವ ಮುಂಚೆ ಇಲ್ಲೊಂದು ಪದ್ಧತಿಯಿತ್ತು. ದುಡಿದವರು ಯಾರೋ ಅವರನ್ನೇ, ಹೋದವರಾದರೂ ಸರಿ, ಗುಮಾಸ್ತರು ಕೂಗುತ್ತಿದ್ದರು. ಅವರ ಹಿಂದೆ ಮನೆಯಲ್ಲಿ ಉಳಿದವರು ಎದ್ದು ಹೋಗಿ ಸಹಿ ಹಾಕಬೇಕು. "ಡ್ರೈವರ್ ಸಾಹೇಬ್ರೇ" ಎಂದರೆ ಬೆಂಚಿನಿಂದ ಒಂದು ಹಿಡಿಯಷ್ಟಿರುವ ಅಜ್ಜಿ ಇಳಿಯುತ್ತಿದ್ದರು. "ನರ್ಸಕ್ಕಾ, ಬಂದ್ಯೇನಮ್ಮಾ?" ಎಂದರೆ ಈ ಪೊದೆ ಮೀಸೆಯವನು "ಬಂದೆ, ಬಂದೆ" ಎಂದು ಏಳುತ್ತಿದ್ದೆ. "ಏನಮ್ಮಾ, ಈ ತಿಂಗ್ಳು ಗಡ್ಡಾನೂ ಬಿಟ್ಬಿಟ್ಟಿದ್ದೀಯಾ?" ಎಂದು ಅವರು ಕೇಳಿದರೆ ಸಾಲಿಗೆ ಸಾಲೇ ನಗುತ್ತಿತ್ತು, ಆರು ವರ್ಷದ ಹಿಂದೆ ಹೋದವಳು ಅಲ್ಲೇ ಎಲ್ಲೋ ಸೆರಗು ಅಡ್ಡ ಹಿಡಿದು ನಗುತ್ತಿರುವ ಹಾಗೆ ನನಗನಿಸುತ್ತಿತ್ತು. ಮನೆಯಲ್ಲಿ ನಾನೇ ಕೂಗಿ ನಾನೇ ಓಗೊಟ್ಟರೆ ಮಗಳು ಡಾಕ್ಟರಿಗೆ ಫೋನ್ ಮಾಡುತ್ತಾಳೆ.

ಈಗ ತಾವು ದಯಮಾಡಿಸಿದ್ದೀರಿ. ಎಂಥ ಶಿಸ್ತು! ಕೆಮ್ಮಿಲ್ಲ, ಕಾಫಿಗೆ ಏಳುವುದಿಲ್ಲ, "ಟೋಕನ್ ಸಂಖ್ಯೆ ಅರವತ್ತೆರಡು" ಎನ್ನುವ ತಮ್ಮ ಕಂಠದಲ್ಲಿ ಹುಟ್ಟು ಸಾವುಗಳ ಭೇದವೇ ಇಲ್ಲ, ಋಷಿಗಳಿಗೂ ದಕ್ಕದ ಸಮಚಿತ್ತ. ಹೋದ ತಿಂಗಳು ನಾನು ಏಳಲಿಲ್ಲ. ತಾವು ಮೂರು ಸಲ ಕರೆದು, ನಾಲ್ಕನೆಯದಕ್ಕೆ ಅರವತ್ತಮೂರು ಎಂದುಬಿಟ್ಟಿರಿ. ಮೂರು ತಿಂಗಳು ಹೀಗೆ ಗೈರಾದರೆ ಅವಳ ಕಡತ ಮುಚ್ಚುತ್ತಾರಂತೆ. ಆಮೇಲೆ ಅವಳನ್ನು ಕೂಗುವವರೇ ಇರುವುದಿಲ್ಲ.

ಆದಕಾರಣ ತಾವು ತಿಂಗಳಿಗೊಮ್ಮೆ ಗಂಟಲು ಸರಿಮಾಡಿಕೊಂಡು, 'ಕ್ಕಾ' ಎಂಬಲ್ಲಿ ಸ್ವಲ್ಪ ಎಳೆದು, "ನರ್ಸಕ್ಕಾ" ಎನ್ನಬೇಕು. ಗುಮಾಸ್ತರ ಹಾಗೆ ಕನ್ನಡಕವನ್ನು ಹಣೆಗೇರಿಸಿ (ಹಣೆ ಇಲ್ಲದಿದ್ದಲ್ಲಿ ಇಲಾಖೆಗೆ ಬರೆದು ಒಂದನ್ನು ಮಂಜೂರು ಮಾಡಿಸಿಕೊಂಡು) ಮೀಸೆಯ ಬಗ್ಗೆ ಒಂದು ಮಾತನ್ನೂ ಆಡಬೇಕು. ಈ ಊರಿನ ಅರ್ಧ ಮಕ್ಕಳನ್ನು ಕೈಯಲ್ಲಿ ಹಿಡಿದು ಹೊರತಂದವಳು ಅವಳು. ಒಂದನ್ನೂ ನಂಬರು ಹಾಕಿ ಕರೆದವಳಲ್ಲ.

ಐ ಬೆಗ್ ಟು ರಿಮೈನ್, ಅಂದರೆ ಕೂತಲ್ಲೇ ಕೂತಿರುತ್ತೇನೆ ಎಂದು ನನ್ನ ತಿಳಿವಳಿಕೆ,

ಮೂರನೇ ಬೆಂಚಿನ ತುದಿಯಿಂದ ತಮ್ಮ ವಿಶ್ವಾಸಿ,
ನರ್ಸಕ್ಕನ ಯಜಮಾನರು

ತಾ.ಕ.: ಇಷ್ಟು ಬರೆದಿಟ್ಟ ಮೇಲೆ, ಈ ತಿಂಗಳ ಒಂದನೇ ತಾರೀಖು, ತಾವು ಹನ್ನೊಂದು ನಿಮಿಷ ಮೌನ ತಾಳಿದಿರಿ. ಗುಮಾಸ್ತರು ಹಳೇ ರಿಜಿಸ್ಟರು ತೆಗೆದು, ಕಿಂಡಿಯಿಂದ ತಲೆ ಹೊರಹಾಕಿ ಕೂಗಿದರು; ನಾನು "ಬಂದೆ" ಎಂದು ಹೋಗಿ ಸಹಿ ಹಾಕಿದೆ. ತಮಗೇನಾಗಿತ್ತೆಂದು ಎಂಜಿನಿಯರು ಇನ್ನೂ ತಲೆ ಕೆರೆದುಕೊಳ್ಳುತ್ತಿದ್ದಾರಂತೆ. ನಾನು ಯಾರ ಮೇಲೂ ಅನುಮಾನ ಪಡುವವನಲ್ಲ. ತಮ್ಮ ಬೆನ್ನ ಹಿಂದಿನ ಸ್ವಿಚ್ಚು ಊರುಗೋಲಿನ ತುದಿಗೆ ಸರಿಯಾಗಿ ಎಟುಕುವ ಎತ್ತರದಲ್ಲಿದೆಯೆಂಬುದನ್ನೂ, ಒಂದನೇ ತಾರೀಖು ಪ್ರತಿ ತಿಂಗಳೂ ಬರುತ್ತದೆಯೆಂಬುದನ್ನೂ ಮಾತ್ರ ವಿನಯಪೂರ್ವಕವಾಗಿ ತಮ್ಮ ಗಮನಕ್ಕೆ ತರುತ್ತಿದ್ದೇನೆ.