ಒರೆಯೊಳಗಿನ ಶಾಯಿ ಕಲೆ

ಕೊಳೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಬಹಳ ವರ್ಷ ಇದನ್ನು ಸದ್ಗುಣವೆಂದೇ ತಿಳಿದಿದ್ದೆ. ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರ್ ನಮ್ಮ ಯೂನಿಫಾರ್ಮಿನ ಜೇಬು ಹೊರಳಿಸಿ ಶಾಯಿ ಕಲೆ ಹುಡುಕುತ್ತಿದ್ದರು. ಸಿಕ್ಕಿದರೆ ನಿಂಬೆಹಣ್ಣು, ಉಪ್ಪು ಕೊಟ್ಟು ಅದು ಹೋಗುವ ತನಕ ತಿಕ್ಕಿಸುತ್ತಿದ್ದರು. ಆ ವಿದ್ಯೆಯನ್ನು ನಾನು ಈಗಿರುವ ಹಾಲೆಂಡಿನ ಐಂಡ್‌ಹೋವನ್ನಿನಲ್ಲಿ ಯಾವುದರ ಮೇಲೆ ಪ್ರಯೋಗಿಸಿದೆ ಎಂದು ತಿಳಿದರೆ ಅವರೇ ಶಿಲುಬೆ ಮುಟ್ಟಿಕೊಂಡಾರು.

ನಮ್ಮವರಿಗೆ, ಅಂದರೆ ಧಾರವಾಡದ ಗಿರೀಶರಿಗೆ, ಮೊದಲನೇ ಮಹಾಯುದ್ಧದ ಕಾಲದ ಪಿಸ್ತೂಲು ಕೂಡಿಸುವ ಹುಚ್ಚು. ಗುಂಡು ಹಾರದಂತೆ ಮಾಡಿದ, ಕಾಗದಪತ್ರ ಸರಿಯಿರುವ ನಾಲ್ಕು ಆಗಲೇ ಗಾಜಿನ ಬೀರುವಿನಲ್ಲಿದ್ದವು. ಕಳೆದ ವರ್ಷ ಐದನೆಯದು ಬಂತು, ಜೊತೆಗೆ ಅದರ ಚರ್ಮದ ಒರೆ. ಆ ಯುದ್ಧಕ್ಕೆ ಈ ದೇಶ ಇಳಿಯಲೇ ಇಲ್ಲವಂತೆ. ಪಾಪ, ಯಾರೋ ಸಿಪಾಯಿ ಅದನ್ನು ಸೊಂಟಕ್ಕೆ ಕಟ್ಟಿಕೊಂಡು ವರ್ಷಗಟ್ಟಲೆ ಗಡಿಯಲ್ಲಿ ಸುಮ್ಮನೆ ನಿಂತಿದ್ದನಂತೆ. ನನಗೆ ಆ ಪಿಸ್ತೂಲಿನ ಮೇಲೆ ಸ್ವಲ್ಪ ಅಕ್ಕರೆ ಹುಟ್ಟಿದ್ದು ಅದಕ್ಕೇ.

ಆಯುಧಪೂಜೆಯ ಹಿಂದಿನ ದಿನ ಅವರು ಆಫೀಸಿಗೆ ಹೋದಾಗ ಸೈಕಲ್, ಇಡ್ಲಿ ಸ್ಟ್ಯಾಂಡ್, ಚಾಕು ಎಲ್ಲ ತೊಳೆದು ಒರೆಗೆ ಬಂದೆ. ಹಳೆಯ ಟ್ರಂಕಿನ ವಾಸನೆ. ಒರೆಯ ಮುಚ್ಚಳದ ಒಳಗೆ ಮಾಸಿದ ನೀಲಿ ಕಲೆ. ನಿಂಬೆಹಣ್ಣು, ಉಪ್ಪು. ಅರ್ಧ ತಿಕ್ಕಿದ ಮೇಲೆ ಅದು ಅಕ್ಷರದ ಹಾಗೆ ಕಂಡಿತು. ನನ್ನ ಕಣ್ಣು ನಿಂತಿತು, ಕೈ ನಿಲ್ಲಲಿಲ್ಲ. ಮೇಲೆ ಕೊಬ್ಬರಿ ಎಣ್ಣೆ ಬೇರೆ ಸವರಿದೆ.

"ಏನ್ ಲಕಲಕ ಹೊಳಸೀ!" ಎಂದು ನಮ್ಮವರು ಮರುದಿನ ಖುಷಿಯಿಂದ ಕುಂಕುಮ ಇಟ್ಟರು.

ಮುಂದಿನ ವಾರ ಕೀಸ್ ಅಂಕಲ್ ಬಂದರು. ಈ ಊರಿನವರೇ, ನಿವೃತ್ತ ಮೇಷ್ಟ್ರು, ಇವರಿಗೆ ಪಿಸ್ತೂಲಿನ ಗುರು. "ಹೆಸರು ಸಿಕ್ಕರೆ ಅದು ಮನುಷ್ಯನ ಕಥೆ, ಇಲ್ಲದಿದ್ದರೆ ಬರೀ ಕಬ್ಬಿಣ. ಸಿಪಾಯಿಗಳು ಒರೆಯ ಮುಚ್ಚಳದೊಳಗೆ ಹೆಸರು ಬರೆಯುತ್ತಿದ್ದರು, ನೋಡು" ಎಂದರು. ನಮ್ಮವರು ಟಾರ್ಚು, ಭೂತಗನ್ನಡಿ ಹಿಡಿದು ಬಗ್ಗಿದರು. ಮೂಸಿ ನೋಡಿದ ಕೀಸ್ ಅಂಕಲ್, "ಬಹಳ ಶುಚಿಯಾದ ಸಿಪಾಯಿ!" ಎಂದು ನಕ್ಕರು. ನಾನು ಚಹಾವನ್ನು ತಟ್ಟೆಗೇ ಸುರಿದೆ.

ಆಮೇಲೆ ಮೂರು ತಿಂಗಳು ನಮ್ಮವರು ಹಳೆಯ ಸೈನ್ಯದ ಪಟ್ಟಿಗಳನ್ನು ತಿರುವುತ್ತಾ ಕೂತರು. ಆ ಬಗ್ಗಿದ ಬೆನ್ನು ನೋಡಲಾರದೆ ಒಂದು ದಿನ ಹೇಳಿಯೇಬಿಟ್ಟೆ. ಬೈದಿದ್ದರೆ ಚೆನ್ನಾಗಿತ್ತು. ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಮೆಲ್ಲಗೆ, "ಮೊದಲನೇ ಅಕ್ಷರಾದ್ರೂ ನೆನಪೈತೇನು?" ಎಂದರು.

"ಎಚ್ ಇದ್ದ ಹಾಗಿತ್ತು ರೀ."

ಅದು ನಿಜ. ಸಿಸ್ಟರ್ ಕಲಿಸಿದಂಥದೇ ಸುರುಳಿಯ ಎಚ್. ಆದರೆ ಅವರ ಮುಖ ಅರಳಿದ ರೀತಿಗೆ ನಾನು ಸೋತೆ. ಮರುದಿನ, "ಮುಂದಿಂದು?" ಎಂದರು. "ಇ ಇರಬಹುದು" ಎಂದೆ. ಅದು ಅಷ್ಟೇನೂ ನಿಜವಲ್ಲ. ಕೊನೆಯಲ್ಲಿ ಕೆ ಎಂದದ್ದಂತೂ ಪೂರ್ತಿ ಕರುಣೆ.

ಕಳೆದ ವಾರ ಆ ಪಟ್ಟಿಗಳಲ್ಲಿ ಹೆಂಡ್ರಿಕ್ ಎಂಬ ಸಿಪಾಯಿ ಸಿಕ್ಕಿದ. ಬ್ರೆಡ್ ಸುಡುವವರ ಮಗ, ಗಡಿ ಕಾದವನು. ಅವನ ಮೊಮ್ಮಗಳು ಹತ್ತಿರದ ಹಳ್ಳಿಯಲ್ಲಿದ್ದಾರೆ. ಅಜ್ಜನ ಒಂದು ವಸ್ತುವೂ ಮನೆಯಲ್ಲಿ ಉಳಿದಿರಲಿಲ್ಲವೆಂದು ಫೋನಿನಲ್ಲಿ ಅತ್ತರಂತೆ. ನಮ್ಮವರು ಒರೆಯನ್ನು ಅವರಿಗೇ ಕೊಟ್ಟುಬಿಡುತ್ತಾರಂತೆ.

"ಭಾನುವಾರ ಕಾಫಿಗೆ ಕರದಾರ. ನೀನೂ ಬಾ. ಹೆಸರು ಓದಿದಾಕಿ ನೀನ ಅಲ್ಲೇನು?"

ಒಬ್ಬನ ಹೆಸರು ಅಳಿಸಿದ್ದು ಅರಿಯದೆ ಮಾಡಿದ ತಪ್ಪು. ಆ ಜಾಗದಲ್ಲಿ ಇನ್ನೊಬ್ಬನನ್ನು ತಂದು ಕೂರಿಸಿದ್ದನ್ನು ಏನೆಂದು ಕರೆಯಲಿ? ಆ ಹೆಂಗಸು ಅತ್ತದ್ದು ನಿಜವಾದ ಕಣ್ಣೀರು. ಹೇಳಿದರೆ ಇಬ್ಬರ ಮನಸ್ಸು ಮುರಿಯುತ್ತದೆ. ಹೇಳದಿದ್ದರೆ ನನಗೆ ನಿದ್ದೆಯಿಲ್ಲ. ಸದ್ಯಕ್ಕೆ ಕೋಡುಬಳೆ ಕರಿಯುತ್ತಿದ್ದೇನೆ. ಒಬ್ಬರ ಮನೆಗೆ ಸುಳ್ಳು ಹೇಳಲು ಬರಿಗೈಯಲ್ಲಿ ಹೋಗುವಷ್ಟು ಸಂಸ್ಕಾರಗೆಟ್ಟವಳಲ್ಲ ನಾನು.